ರೂಟ್ ಆಗಿ ಮನೆ ಹೊಕ್ಕ ನೇಕಾರ

"ಗುರುಗಳೇ, ನಾನು ನಿಮಗೆ ಏನು ಕೊಡಲಿ?" ಎಂದು ಪ್ರಭುಲಿಂಗ ಕೇಳಿದ.

ಅವನು ಆ ಮಠದಲ್ಲಿ ಆರು ವರ್ಷ ತಾಳೆಗರಿ ಓದುವ ವಿದ್ಯೆ ಕಲಿತವನು. ಮರುದಿನದ ಬಸ್ಸಿಗೆ ಇನ್ನೊಂದು ಊರಿಗೆ ಹೊರಡುವವನಿದ್ದ. ಅಲ್ಲಿ ಹನ್ನೊಂದು ಮಂದಿಗೆ ಅದೇ ವಿದ್ಯೆಯನ್ನು ಅವನು ಕಲಿಸಬೇಕಿತ್ತು.

ಗುರು ಮುರಿಗಯ್ಯನವರು ಕನ್ನಡಕ ತೆಗೆದು ಅವನನ್ನು ನೋಡಿದರು.

"ಏನೂ ಬೇಡ ಎಂದರೆ ನೀನು ಬಿಡುವವನಲ್ಲ. ಶಾಲು ತರುತ್ತೀಯ, ಹಣ್ಣಿನ ಬುಟ್ಟಿ ತರುತ್ತೀಯ. ಶಾಲು ಇಡಲು ನನ್ನ ಪೆಟ್ಟಿಗೆಯಲ್ಲಿ ಜಾಗವಿಲ್ಲ. ಹಣ್ಣು ಕಚ್ಚಲು ಬಾಯಲ್ಲಿ ಹಲ್ಲಿಲ್ಲ. ಸುಮ್ಮನೆ ಕೂತುಕೋ, ಒಂದು ಕತೆ ಹೇಳುತ್ತೇನೆ. ಕಂಪ್ಯೂಟರಿನ ಕತೆ."

ಪ್ರಭುಲಿಂಗನಿಗೆ ನಗು ಬಂತು.

"ನಗು, ನಗು. ಮುದುಕನಿಗೆ ಕಂಪ್ಯೂಟರ್ ಯಾಕೆ ಎನ್ನುತ್ತೀಯೇನೋ. ನಮ್ಮ ಗರಿಗಳ ಫೋಟೋಗಳೆಲ್ಲ ಯಾವುದರಲ್ಲಿವೆ? ಪಡಸಾಲೆಯ ಆ ಲಿನಕ್ಸ್ ಯಂತ್ರದಲ್ಲೇ ಅಲ್ಲವೇ? ಅದು ಕೈಕೊಟ್ಟ ದಿನ ನೀನು ಊರಿಗೆ ಹೋಗಿದ್ದೆ. ಬೆವರು ಇಳಿದದ್ದು ನನಗೆ. ಈಗ ಬಾಯಿ ಮುಚ್ಚಿಕೊಂಡು ಕೇಳು."

ಆಮೇಲೆ ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಸೀರೆ ನೇಯುವವನು. ಸೀರೆಯ ಅಂಚಿನ ವಿನ್ಯಾಸವನ್ನು ಅವನು ಮೊದಲು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆಯುತ್ತಿದ್ದ. ಆ ಚಿತ್ರದಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸಿ ಮಗ್ಗಕ್ಕೆ ಏರಿಸುತ್ತಿದ್ದ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ಆ ತೂತುಗಳೇ ನೋಡಿಕೊಳ್ಳುತ್ತಿದ್ದವು. ಅವನ ಕಂಪ್ಯೂಟರ್ ಹಳೆಯದು. ಅದರಲ್ಲಿ ಲಿನಕ್ಸ್ ಇತ್ತು. ಎಲ್ಲೆಲ್ಲಿಯೋ ಇರುವ ಸಾವಿರಾರು ಮಂದಿ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಪುಕ್ಕಟೆ ಬಿಟ್ಟ ವ್ಯವಸ್ಥೆ ಅದು. ಅವರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ನೇಕಾರನಿಗೆ ಒಬ್ಬ ಸೋದರತ್ತೆ. ಹಳೆಯ ಅಂಚುಗಳೆಲ್ಲ ಅವಳ ಬಾಯಲ್ಲಿದ್ದವು. ಕಾಗದದ ಮೇಲೆ ಅವನ್ನು ಯಾರೂ ಬರೆದಿರಲಿಲ್ಲ. ಅವಳ ಅವ್ವ ಅವಳಿಗೆ ಬಾಯಲ್ಲೇ ಕಲಿಸಿದ್ದಳು. ಎರಡು ವರ್ಷ ಅತ್ತೆ ಅವನ ಪಕ್ಕದಲ್ಲಿ ಕೂತು, "ಮೂರು ಎತ್ತು, ಎರಡು ಬಿಡು, ಒಂದು ಎತ್ತು" ಎಂದು ಹೇಳುತ್ತಾ ಹೋದಳು. ಅವನು ಚೌಕ ತುಂಬುತ್ತಾ ಹೋದ. ತಪ್ಪಿದರೆ ತಲೆಗೆ ಮೊಟಕುತ್ತಿದ್ದಳು. ಹೀಗೆ ಮೂವತ್ತೇಳು ಅಂಚುಗಳು ಕಂಪ್ಯೂಟರಿಗೆ ಬಂದವು. ಅಷ್ಟರಲ್ಲಿ ಅವಳಿಗೆ ಲಕ್ವ ಹೊಡೆಯಿತು. ಮಾತು ಹೋಯಿತು. ಇನ್ನು ಅವಳನ್ನು ಕೇಳಿ ಬರೆದುಕೊಳ್ಳುವಂತಿರಲಿಲ್ಲ. ಆ ಮೂವತ್ತೇಳೇ ಉಳಿದದ್ದು, ಅವು ಆ ಒಂದು ಯಂತ್ರದಲ್ಲೇ ಇದ್ದವು.

ಇನ್ನೊಂದು ಕಡೆ ನಕಲು ಇಟ್ಟಿರಲಿಲ್ಲವೇ ಎಂದು ಕೇಳುತ್ತೀಯ. ಇಟ್ಟಿರಲಿಲ್ಲ. ನಾಳೆ ಇಡೋಣ ಎಂದುಕೊಂಡಿದ್ದ. ನಾವೂ ಹಾಗೇ ಅಂದುಕೊಳ್ಳುತ್ತೇವೆ, ಅವನನ್ನು ಬಯ್ಯುವ ಮುಖ ನಮಗಿಲ್ಲ.

ಒಂದು ಅಮಾವಾಸ್ಯೆ. ಆ ದಿನ ಅವರಲ್ಲಿ ಮಗ್ಗ ಮುಟ್ಟುವುದಿಲ್ಲ. ಕೈಗೆ ಕೆಲಸವಿಲ್ಲದೆ ನೇಕಾರ ಕಂಪ್ಯೂಟರ್ ತೆರೆದ. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಅದು ಕೇಳಿತು. ಹೂಂ ಎಂದ. ಊಟದ ಹೊತ್ತಿಗೆ ಅಪ್‌ಗ್ರೇಡ್ ಮುಗಿಯಿತು. ಮತ್ತೆ ತೆರೆದು ನೋಡಿದರೆ ಪರದೆಯ ಕೆಳಗಿನ ಪಟ್ಟಿ ಮಾಯ. ಗಡಿಯಾರವಿಲ್ಲ, ಮೆನು ಇಲ್ಲ. ಅಷ್ಟೇ ಹೋಗಿದ್ದದ್ದು. ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಅವನು ಅಲ್ಲಿಗೇ ಕೈಬಿಟ್ಟು ಯಾರನ್ನಾದರೂ ಕೇಳಿದ್ದರೆ ಸಂಜೆಯೊಳಗೆ ಸರಿಹೋಗುತ್ತಿತ್ತು.

ಆದರೆ ಅವನಿಗೆ ಸಿಟ್ಟು ಬಂತು. ನನಗೆ ಬರುವ ಹಾಗೆಯೇ.

ಇಲ್ಲಿ ಒಂದು ವಿಷಯ ತಿಳಿದುಕೋ. ಲಿನಕ್ಸಿನೊಳಗೆ ಪ್ರತಿಯೊಬ್ಬನಿಗೂ ಅವನದೇ ಒಂದು ಮನೆ ಇರುತ್ತದೆ. ಆ ಮನೆಗಳಿಗೆಲ್ಲ ಮೇಲೆ ಒಬ್ಬ ದೊಡ್ಡ ಯಜಮಾನ. ಅವನ ಹೆಸರು ರೂಟ್. ಅವನಿಗೆ ಯಾವ ಬಾಗಿಲೂ ಅಡ್ಡವಿಲ್ಲ. ಆಜ್ಞೆಯ ಮುಂದೆ ಸೂಡೊ ಎಂದು ಒಂದು ಪದ ಸೇರಿಸಿದರೆ ಆ ಗಳಿಗೆಗೆ ನೀನೇ ರೂಟ್. ಬೇಕಾದಾಗ ಮಾತ್ರ, ಒಂದು ಕೆಲಸಕ್ಕೆ ಮಾತ್ರ ಹಾಗೆ ಮಾಡಬೇಕು. ಇಡೀ ಡೆಸ್ಕ್‌ಟಾಪನ್ನೇ ರೂಟ್ ಆಗಿ ತೆರೆಯಬಾರದು. ಬಲ್ಲವರೆಲ್ಲ ಹೇಳುವ ಮೊದಲ ಮಾತು ಇದು.

ನೇಕಾರ ಅದನ್ನೇ ಮಾಡಿದ. ಈ ಯಂತ್ರವೇನು ನನ್ನನ್ನು ತಡೆಯುವುದು ಎಂದು ಸೂಡೊ ಹಾಕಿ ಡೆಸ್ಕ್‌ಟಾಪ್ ತೆರೆದ. ಪಟ್ಟಿ ಆಗಲೂ ಬರಲಿಲ್ಲ. ಅಂಚುಗಳಾದರೂ ಸರಿಯಾಗಿವೆಯೇ ಎಂದು ಒಂದೊಂದನ್ನೇ ತೆಗೆದು ನೋಡಿದ. ಹೊಸ ಆವೃತ್ತಿಗೆ ಹೊಂದುವಂತೆ ಉಳಿಸಲೇ ಎಂದು ಚಿತ್ರ ಬರೆಯುವ ತಂತ್ರಾಂಶ ಕೇಳಿತು. ಮೂವತ್ತೇಳು ಸಲವೂ ಹೂಂ ಎಂದ. ಆಮೇಲೆ ಯಂತ್ರ ಆರಿಸಿ ಮತ್ತೆ ಹಚ್ಚಿದ.

ಈ ಸಲ ಒಳಗೇ ಬಿಡಲಿಲ್ಲ. ಪಾಸ್‌ವರ್ಡ್ ಕೇಳಿತು, ಕೊಟ್ಟ. ಪರದೆ ಒಮ್ಮೆ ಕಪ್ಪಾಯಿತು. ಮತ್ತೆ ಪಾಸ್‌ವರ್ಡ್ ಕೇಳಿತು. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಹತ್ತು ಸಲ ಕೊಟ್ಟ, ಹತ್ತು ಸಲವೂ ಹಾಗೇ ಬಾಗಿಲಿಗೆ ತಂದು ನಿಲ್ಲಿಸಿತು. ಒಳಗಿನ ಕೋಣೆಯಲ್ಲಿ ಅತ್ತೆ ಮಲಗಿದ್ದಳು. ಅವಳ ಕಡೆ ತಿರುಗಿ ನೋಡಲೂ ಅವನಿಗೆ ಆಗಲಿಲ್ಲ.

ರಿಪೇರಿಯವನಿಗೆ ಫೋನ್ ಮಾಡಿದ. "ಗುರುವಾರ ಬರ್ತೀನಿ. ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡೋಣ, ಅರ್ಧ ಗಂಟೆ ಕೆಲಸ" ಎಂದ ಅವನು.

"ಒಳಗಿರೋ ಚಿತ್ರಗಳು?"

"ಹೋಗ್ತವೆ. ಮತ್ತೆ ಬರಕೊಳ್ರಿ."

ಅವನನ್ನು ಬಯ್ಯಬೇಡ. ಬೇರೆ ದಾರಿ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಕನ್ನಡದಲ್ಲಿ ಲಿನಕ್ಸ್ ಬಳಸುವವರದು ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾಕಟ್ಟೆ ಇತ್ತು. ಯಾರಿಗಾದರೂ ತೊಡಕಾದರೆ ಅಲ್ಲಿ ಬರೆಯುವುದು, ಬಲ್ಲವರು ಉತ್ತರ ಕೊಡುವುದು. ಅಲ್ಲಿ ಒಂದು ಪದ್ಧತಿ ಉಂಟು. ಏನಾಯಿತು ಎನ್ನುವುದರ ಜೊತೆಗೆ, ಆಮೇಲೆ ನೀನು ಏನೇನು ಮಾಡಿದೆ ಎಂಬುದನ್ನೂ ಸಾಲಾಗಿ ಬರೆಯಬೇಕು. ನೇಕಾರ ಮೊಬೈಲಿನಲ್ಲಿ ಎಲ್ಲವನ್ನೂ ಬರೆದ. ಸೂಡೊ ಹಾಕಿ ಡೆಸ್ಕ್‌ಟಾಪ್ ತೆರೆದದ್ದೊಂದನ್ನು ಬಿಟ್ಟ.

ಯಾಕೆ ಬಿಟ್ಟ? ನಾಚಿಕೆ. ಎಂಟು ತಿಂಗಳ ಹಿಂದೆ ಅದೇ ಕಟ್ಟೆಗೆ ಒಬ್ಬ ಹೊಸಬಳು ಬಂದು, ಡೆಸ್ಕ್‌ಟಾಪನ್ನು ರೂಟ್ ಆಗಿ ತೆರೆದರೆ ಏನಾದರೂ ತೊಂದರೆಯೇ ಎಂದು ಕೇಳಿದ್ದಳು. ಇವನು ಎಲ್ಲರ ಮುಂದೆ ಅವಳನ್ನು ತರಾಟೆಗೆ ತೆಗೆದುಕೊಂಡಿದ್ದ. ಅಷ್ಟೂ ತಿಳಿಯದವರು ಲಿನಕ್ಸ್ ಮುಟ್ಟಬಾರದು ಎಂದು ಬರೆದಿದ್ದ. ಆ ಮಾತು ಇನ್ನೂ ಅಲ್ಲೇ ಇತ್ತು. ಈಗ ಯಾವ ಮುಖ ಹೊತ್ತು ಹೇಳಿಕೊಳ್ಳುತ್ತಾನೆ?

ಅವನಿಗೆ ಉತ್ತರ ಕೊಟ್ಟವರು ಒಬ್ಬರೇ. ಅವರು ಕಟ್ಟೆಯಲ್ಲಿ ಇಟ್ಟುಕೊಂಡಿದ್ದ ಹೆಸರು ಸುಣ್ಣದ ಡಬ್ಬಿ. ಗಂಡಸೋ ಹೆಂಗಸೋ, ಯಾವ ಊರೋ, ಯಾರಿಗೂ ಗೊತ್ತಿಲ್ಲ.

"ಯಜಮಾನರೇ, ಗಾಬರಿ ಬೇಡ. ಯಾರು ಹೇಳಿದರೂ ಅಳಿಸಲು ಬಿಡಬೇಡಿ" ಎಂದು ಸುಣ್ಣದ ಡಬ್ಬಿ ಬರೆದರು. ಚಿತ್ರವಿಲ್ಲದ, ಬರೀ ಅಕ್ಷರದ ಕಪ್ಪು ಪರದೆಯೊಂದು ಲಿನಕ್ಸಿನ ಹಿಂದೆ ಯಾವಾಗಲೂ ಇರುತ್ತದೆ. ಮೂರು ಕೀಲಿ ಒಟ್ಟಿಗೆ ಒತ್ತಿದರೆ ಅದು ಬರುತ್ತದೆ. ಅವರು ಅದನ್ನು ತೋರಿಸಿಕೊಟ್ಟರು. ನೇಕಾರ ಅಲ್ಲಿಂದ ಒಳಗೆ ಹೋದ. ಏನೇನು ಕಡತಗಳಿವೆ ಎಂದು ಕೇಳಿದ. ಮೂವತ್ತೇಳು ಅಂಚುಗಳ ಹೆಸರೂ ಸಾಲಾಗಿ ಬಂದವು. ಅವನಿಗೆ ಜೀವ ಬಂದಂತಾಯಿತು. ಪೆನ್‌ಡ್ರೈವಿಗೆ ಮೊದಲು ನಕಲು ಮಾಡಿಕೊಳ್ಳಿ ಎಂದರು. ಮಾಡಲು ಹೋದ. ಅನುಮತಿ ಇಲ್ಲ ಎಂದಿತು ಯಂತ್ರ. ಮೂವತ್ತೇಳಕ್ಕೂ ಅದೇ ಉತ್ತರ.

ಮಂಗಳವಾರ ಹೋಯಿತು, ಬುಧವಾರ ಬಂತು. ಸುಣ್ಣದ ಡಬ್ಬಿ ಹೇಳಿದ್ದನ್ನೆಲ್ಲ ಅವನು ಮಾಡಿದ. ಪರದೆಯ ಚಾಲಕ ತಂತ್ರಾಂಶ ಮತ್ತೆ ಹಾಕಿದ. ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದ. ಅಪ್‌ಗ್ರೇಡಿನಲ್ಲಿ ಅರ್ಧಕ್ಕೆ ನಿಂತ ತಂತ್ರಾಂಶದ ಪೊಟ್ಟಣಗಳೇನಾದರೂ ಇವೆಯೇ ನೋಡಿದ. ಒಂದೂ ಫಲಿಸಲಿಲ್ಲ. ಪ್ರತಿ ಸಲವೂ ಆ ಮಹಾನುಭಾವರು, "ಸರಿ, ಇದಲ್ಲ ಅಂತ ಗೊತ್ತಾಯಿತಲ್ಲ, ಒಳ್ಳೆಯದೇ ಆಯಿತು" ಎನ್ನುತ್ತಿದ್ದರು. ನಾನಾಗಿದ್ದರೆ ಎರಡನೆಯ ಸಲಕ್ಕೇ ಕೋಲು ಹುಡುಕುತ್ತಿದ್ದೆ. ನಿನಗೇ ಗೊತ್ತಲ್ಲ.

ನಡುವೆ ಒಮ್ಮೆ ಅವರು ಕೇಳಿದರು. "ನಿಮ್ಮ ಮನೆಯಲ್ಲಿ ನಿಮ್ಮ ವಸ್ತು ಮುಟ್ಟಲು ನಿಮಗೇ ಅನುಮತಿ ಇಲ್ಲ ಎಂದರೆ ಏನೋ ನಡೆದಿದೆ. ಬೇರೆ ಏನಾದರೂ ಮಾಡಿದಿರಾ?"

"ಏನೂ ಇಲ್ಲ. ಅಪ್‌ಗ್ರೇಡ್ ಆದ ಮೇಲೆ ಹೀಗಾಯಿತು" ಎಂದು ನೇಕಾರ ಬರೆದ.

ಪಾಪ, ಅಪ್‌ಗ್ರೇಡಿನ ತಲೆಗೆ ಕಟ್ಟಿದ. ಅದಕ್ಕೆ ಬಾಯಿ ಇದ್ದಿದ್ದರೆ ಎದುರು ಮಾತಾಡುತ್ತಿತ್ತು.

ಬುಧವಾರ ಮಧ್ಯಾಹ್ನ ರಿಪೇರಿಯವನು ಫೋನ್ ಮಾಡಿ ನಾಳೆ ಬೆಳಿಗ್ಗೆಯೇ ಬರುತ್ತೇನೆ ಎಂದ. ನೇಕಾರ ಕೈಚೆಲ್ಲಿದ. ಇನ್ನು ಆಗುವುದಿಲ್ಲ, ಅಳಿಸಿಬಿಡುತ್ತೇನೆ, ಇಷ್ಟು ಶ್ರಮ ಕೊಟ್ಟೆ, ಕ್ಷಮಿಸಿ ಎಂದು ಕಟ್ಟೆಯಲ್ಲಿ ಬರೆದ. ಬರೆದು ಅತ್ತೆಯ ಮಂಚದ ಪಕ್ಕ ಹೋಗಿ ಕೂತ. ಅವಳು ಅವನನ್ನೇ ನೋಡುತ್ತಿದ್ದಳು. ಏನು ಹೇಳುತ್ತಾನೆ ಅವಳಿಗೆ?

ಆಗ ಮೊಬೈಲಿಗೆ ಸುಣ್ಣದ ಡಬ್ಬಿಯವರ ಉತ್ತರ ಬಂತು. ಸ್ವಲ್ಪ ಉದ್ದ ಇತ್ತು.

"ಯಜಮಾನರೇ, ಒಂದು ಮಾತು. ನಾನು ಕಲಿಯುವಾಗ ಸಿಟ್ಟಿನಲ್ಲಿ ಡೆಸ್ಕ್‌ಟಾಪನ್ನು ರೂಟ್ ಆಗಿ ತೆರೆದೆ. ಆಗ ಮುಟ್ಟಿದ್ದೆಲ್ಲ ರೂಟ್‌ನ ಹೆಸರಿಗೆ ಹೋಯಿತು. ಒಳಗೆ ಬಿಡುವ ಮೊದಲು ಯಂತ್ರ ನೋಡುವ ಬಾಗಿಲ ಚೀಟಿ, ಅಂಥದ್ದೊಂದು ಕಡತ ಇರುತ್ತದೆ, ಅದೂ ಅವನದಾಯಿತು. ಆಮೇಲೆ ನಾನು ನಾನಾಗಿ ಬಂದರೆ ಒಳಗೆ ಬಿಡಲಿಲ್ಲ. ಹಿರಿಯರು ಕೇಳಿದಾಗ ನಾಚಿಕೆಯಿಂದ ಒಂದು ವಾರ ಸುಳ್ಳು ಹೇಳಿದೆ. ಪಾಪ, ಒಂದು ವಾರ ಅವರನ್ನು ಸುಮ್ಮನೆ ಓಡಾಡಿಸಿದೆ. ಕೊನೆಗೆ ಹೇಳಿದೆ. ಒಂದೇ ಸಾಲಿನ ಕೆಲಸ ಇತ್ತು, ಮುಗಿಯಿತು. ನಿಮ್ಮಲ್ಲಿ ಹಾಗೇನೂ ಆಗಿಲ್ಲವಾದರೆ ಬಿಡಿ. ಆಗಿದ್ದರೆ ಹೇಳಿಬಿಡಿ, ನಾನು ನಗುವುದಿಲ್ಲ."

ನೇಕಾರ ಅದನ್ನು ಎರಡು ಸಲ ಓದಿದ. ಅತ್ತೆಯ ಕಡೆ ಒಮ್ಮೆ ನೋಡಿದ. ಆಮೇಲೆ ಬರೆದ.

"ಮಾಡಿದ್ದೇನೆ. ಅಮಾವಾಸ್ಯೆಯ ದಿನ. ನಿಮಗೆ ಸುಳ್ಳು ಹೇಳಿದೆ."

"ದೇವರು ದೊಡ್ಡವನು! ಕಪ್ಪು ಪರದೆಗೆ ಹೋಗಿ" ಎಂದು ಉತ್ತರ ಬಂತು.

ಅವರು ಕೊಟ್ಟದ್ದು ಒಂದೇ ಸಾಲು. ಈ ಮನೆ, ಈ ಮನೆಯೊಳಗಿನ ಎಲ್ಲವೂ ಇಂಥವನದು ಎಂದು ಯಂತ್ರಕ್ಕೆ ತಿಳಿಸುವ ಸಾಲು. ಇಂಥವನು ಎಂಬಲ್ಲಿ ನೇಕಾರ ತನ್ನ ಹೆಸರು ಹಾಕಿದ. ಸೂಡೊ ಅದಕ್ಕೂ ಬೇಕಾಯಿತು. ಬೇಕಾದಾಗ, ಒಂದು ಕೆಲಸಕ್ಕೆ. ಎಂಟರ್ ಒತ್ತಿದ. ಯಂತ್ರ ಏನೂ ಹೇಳಲಿಲ್ಲ. ಲಿನಕ್ಸ್ ಹಾಗೇ, ಕೆಲಸ ಸರಿಯಾಗಿ ಆದರೆ ಬಾಯಿ ಬಿಡುವುದಿಲ್ಲ. ನಿನ್ನಂಥವರು ಅದನ್ನು ನೋಡಿ ಕಲಿಯಬೇಕು.

ಮತ್ತೆ ಪಾಸ್‌ವರ್ಡ್ ಕೊಟ್ಟ. ಪರದೆ ಕಪ್ಪಾಯಿತು. ಡೆಸ್ಕ್‌ಟಾಪ್ ಬಂತು. ಕೆಳಗಿನ ಪಟ್ಟಿ ಮಾತ್ರ ಇರಲಿಲ್ಲ. ಅದು ಹಳೆಯ ಆವೃತ್ತಿಯ ಸೆಟ್ಟಿಂಗು ಹೊಸದಕ್ಕೆ ಒಗ್ಗದೆ ಆದ ತೊಂದರೆ. ಆ ಸೆಟ್ಟಿಂಗಿನ ಕಡತವನ್ನು ಪಕ್ಕಕ್ಕೆ ಸರಿಸಿ ಎಂದರು, ಸರಿಸಿದ. ಪಟ್ಟಿಯೂ ಬಂತು. ಎಲ್ಲ ಸೇರಿ ಹತ್ತು ನಿಮಿಷ. ಮೊದಲು ಮೂವತ್ತೇಳು ಅಂಚುಗಳನ್ನೂ ಪೆನ್‌ಡ್ರೈವಿಗೆ ಹಾಕಿದ. ಬರಬೇಡಪ್ಪ ಎಂದು ರಿಪೇರಿಯವನಿಗೆ ಹೇಳಿದ.

ಆಮೇಲೆ ಯಂತ್ರವನ್ನು ಎತ್ತಿಕೊಂಡು ಹೋಗಿ ಅತ್ತೆಯ ಮಂಚದ ಎದುರು ಸ್ಟೂಲಿನ ಮೇಲಿಟ್ಟ. ಒಂದು ಅಂಚು ತೆರೆದ. ಅವಳು ಬಹಳ ಹೊತ್ತು ನೋಡಿದಳು. ಕೌದಿಯ ಮೇಲಿದ್ದ ಅವಳ ಎಡಗೈ ಬೆರಳು ಮೆಲ್ಲಗೆ ಆಡಿತು. ಮೂರು ಸಲ ಎದ್ದಿತು, ನಿಂತಿತು, ಮತ್ತೆ ಎದ್ದಿತು. ಅವಳು ಎಳೆ ಎಣಿಸುತ್ತಿದ್ದಳು. ನೇಕಾರ ಗಂಡಸು, ನಾಚಿಕೆ ಬಿಟ್ಟು ಗೊಳೋ ಎಂದು ಅತ್ತುಬಿಟ್ಟ.

ಅತ್ತು ಮುಗಿಸಿ ಕಟ್ಟೆಗೆ ಹೋದ. "ನೀವು ಯಾರೋ ನನಗೆ ಗೊತ್ತಿಲ್ಲ. ನಿಮ್ಮ ಊರು ಹೇಳಿ. ನಾನೇ ನೇಯ್ದ ಸೀರೆ ತಂದು ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಕೊಟ್ಟು, ನಿಮ್ಮ ಕಾಲಿಗೆ ಬಿದ್ದು ಬರುತ್ತೇನೆ. ನನ್ನ ಅತ್ತೆಯನ್ನು ನನಗೆ ಉಳಿಸಿಕೊಟ್ಟಿರಿ" ಎಂದು ಬರೆದ.

"ಸೀರೆ ಬೇಡ ಯಜಮಾನರೇ. ಮೇಲೆ ನೀವು ಮೊದಲು ಬರೆದ ಪ್ರಶ್ನೆ ಇದೆಯಲ್ಲ, ಅದನ್ನು ತಿದ್ದಿ. ನೀವು ಏನು ಮಾಡಿದಿರಿ, ಏನು ಮುಚ್ಚಿಟ್ಟಿರಿ, ಹೇಗೆ ಸರಿಹೋಯಿತು, ಮೂರನ್ನೂ ಬರೆಯಿರಿ. ನನಗೆ ಉತ್ತರ ಕೊಟ್ಟ ಹಿರಿಯರು ನನ್ನಿಂದಲೂ ಇಷ್ಟನ್ನೇ ಕೇಳಿದ್ದರು."

ಸರಿಹೋಯಿತು, ಧನ್ಯವಾದ ಎಂದು ಎರಡು ಮಾತು ಬರೆದು ಎದ್ದು ಹೋಗುವುದು ಸುಲಭ. ಸುಮಾರು ಜನ ಹಾಗೇ ಮಾಡುತ್ತಾರೆ. ಏನು ಮಾಡಿ ಸರಿಹೋಯಿತು ಎಂದು ತಿಳಿಯದೆ ಹಿಂದೆ ಬಂದವನು ತಲೆ ಚಚ್ಚಿಕೊಳ್ಳುತ್ತಾನೆ. ನೇಕಾರನೂ ಮೊದಲು ಅಷ್ಟೇ ಬರೆದ. ಆಮೇಲೆ ಅಳಿಸಿದ. ಕೂತು ಎಲ್ಲವನ್ನೂ ಬರೆದ. ಸಿಟ್ಟು ಬಂದದ್ದು, ಸೂಡೊ ಹಾಕಿದ್ದು, ಸುಳ್ಳು ಹೇಳಿದ್ದು, ಆ ಒಂದು ಸಾಲು, ಎಲ್ಲ. ಕೊನೆಗೆ ಆ ಹೊಸಬಳ ಹೆಸರು ಹಿಡಿದು, ತಾಯಿ, ಅವತ್ತು ನಿಮ್ಮನ್ನು ಬಯ್ದವನು ನಾನೇ, ತಪ್ಪಾಯಿತು ಎಂದು ಸೇರಿಸಿದ.

ಎರಡು ದಿನ ಬಿಟ್ಟು ಅವಳ ಉತ್ತರ ಬಂತು. "ನಾನೂ ಆಗಲೇ ಅದನ್ನು ಮಾಡಿಬಿಟ್ಟಿದ್ದೆ ಅಣ್ಣಾ. ನೀವು ಬಯ್ದ ಮೇಲೆ ಕೇಳಲು ಅಂಜಿಕೆಯಾಯಿತು. ಯಂತ್ರ ಹಾಗೇ ಮೂಲೆಯಲ್ಲಿದೆ. ಈಗ ನೀವು ಬರೆದದ್ದನ್ನು ನೋಡಿ ತೆಗೆದು ಕೂತೆ. ತೆರೆದುಕೊಂಡಿತು. ನಿಮಗೆ ಪುಣ್ಯ ಬರಲಿ."

ಎಂಟು ತಿಂಗಳು ನೋಡು, ಎಂಟು ತಿಂಗಳು! ಇವನೊಬ್ಬನ ಜಂಬಕ್ಕೆ ಒಂದು ಯಂತ್ರ ಮೂಲೆಯಲ್ಲಿ ಧೂಳು ತಿಂದಿತು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

"ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀಯ? ಹೋದ ವರ್ಷ ನಮ್ಮ ಯಂತ್ರವೂ ಹಾಗೇ ಬಾಗಿಲು ಹಾಕಿಕೊಂಡಿತು. ಯಾರೋ ಬಂದು ಕೆಡಿಸಿದರು ಎಂದು ನಿಮಗೆಲ್ಲ ಹೇಳಿದೆ. ಯಾರೂ ಬಂದಿರಲಿಲ್ಲ. ಸೂಡೊ ಹಾಕಿದವನು ನಾನೇ. ನಾಲ್ಕು ಸಾವಿರ ಗರಿಗಳ ಫೋಟೋ ಒಳಗೆ, ನಾನು ಹೊರಗೆ. ಹುಡುಕುತ್ತಾ ಹುಡುಕುತ್ತಾ ಆ ನೇಕಾರ ಬರೆದದ್ದು ಸಿಕ್ಕಿತು. ಅವನು ಯಾವ ಊರಿನವನೋ, ಅವನ ಅತ್ತೆ ಇದ್ದಾಳೋ ಇಲ್ಲವೋ, ನನಗೆ ತಿಳಿಯದು. ದಿನಾ ಪೂಜೆಗೆ ಕೂತಾಗ ಇಬ್ಬರನ್ನೂ ನೆನೆಯುತ್ತೇನೆ. ಸುಣ್ಣದ ಡಬ್ಬಿಯವರನ್ನೂ ನೆನೆಯುತ್ತೇನೆ. ಅಂಥ ಹೆಸರು ಹೇಳಿ ಕೈಮುಗಿಯುವಾಗ ಶಿವನಿಗೂ ನಗು ಬಂದೀತು, ಬರಲಿ."

ಪ್ರಭುಲಿಂಗನಿಗೆ ಕಣ್ಣು ತುಂಬಿತ್ತು. "ಅವರು ಪುಣ್ಯವಂತರು ಗುರುಗಳೇ. ಆದರೆ ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬರಲಿಲ್ಲ. ಆರು ವರ್ಷ ಅನ್ನ ಹಾಕಿ, ಅಕ್ಷರ ತೋರಿಸಿದ್ದೀರಿ. ನಾನು ಏನು ಕೊಡಲಿ?"

ಗುರುಗಳು ಕನ್ನಡಕ ಹಾಕಿಕೊಂಡರು.

"ಮೊದಲನೆಯ ವರ್ಷ ನೀನು ಬಿಸಿಲಿಗೆ ಇಟ್ಟು ಸೀಳಿ, ಯಾರಿಗೂ ಹೇಳದೆ ಕಟ್ಟಿನ ನಡುವೆ ಸೇರಿಸಿಟ್ಟೆಯಲ್ಲ ಒಂದು ಗರಿ, ಅದನ್ನೇ ಆ ಹನ್ನೊಂದು ಮಂದಿಗೆ ಮೊದಲ ಪಾಠವಾಗಿ ಹೇಳು" ಎಂದರು.